ಹಳೆಯ ಮಣ್ಣುಯಂತ್ರಗಳ ಮರುಮಾರಾಟ: ಬೆಲೆಯ ಚರಿತ್ರೆಯ ಒಂದು ಅಧ್ಯಾಯ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವುಗಳ ಆವಿಷ್ಕಾರವನ್ನೂ ಉತ್ಪಾದನೆಯನ್ನೂ ವರ್ಣಿಸಿ ವಿರಮಿಸುತ್ತಾರೆ. ಕಾರ್ಖಾನೆಯಿಂದ ಹೊರಬಿದ್ದ ಯಂತ್ರವು ಎರಡನೆಯ, ಮೂರನೆಯ ಒಡೆಯನ ಕೈ ಸೇರುವ ವೃತ್ತಾಂತವು ಅವರ ಗಮನಕ್ಕೆ ಬರುವುದು ವಿರಳ. ಆದರೆ ಸಣ್ಣ ಗುತ್ತಿಗೆದಾರರಲ್ಲಿ ಅನೇಕರು ಯಂತ್ರದ ಒಡೆಯರಾದದ್ದು ಈ ಹಳೆಯ ಸರಕಿನ ಪೇಟೆಯ ಮೂಲಕವೇ. ಮಣ್ಣು ಅಗೆಯುವ ಸಣ್ಣ ಯಂತ್ರಗಳ ಮರುಮಾರಾಟದ ಬೆಲೆಯು ಯಾವ ಕಾರಣಗಳಿಂದ ನಿರ್ಣಯವಾಗುತ್ತ ಬಂದಿದೆ ಎಂಬುದನ್ನು ಈ ಕಿರುಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

ಈ ಉದ್ಯಮದ ಆರಂಭದಲ್ಲಿಯೇ ಹಳೆಯ ಸರಕಿನ ಪಾತ್ರವಿದೆ. 1945ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಯುಟಾಕ್ಸಿಟರ್ ಪಟ್ಟಣದ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಅವರು, ಇತರರು ಬಳಸಿ ಬಿಟ್ಟ ಬೆಸುಗೆ ಯಂತ್ರವೊಂದನ್ನು ಕೊಂಡು, ಯುದ್ಧಕಾಲದಲ್ಲಿ ಮಿಕ್ಕಿದ ಉಕ್ಕಿನಿಂದ ರೈತರ ಉಪಯೋಗಕ್ಕೆ ಒಂದು ಟ್ರೇಲರನ್ನು ನಿರ್ಮಿಸಿದರು. ಸಂತೆಯಲ್ಲಿ ಅದಕ್ಕೆ ದೊರೆತದ್ದು 45 ಪೌಂಡು ಹಾಗೂ ಕೊಂಡವನ ಹಳೆಯ ಗಾಡಿ. ಆ ಗಾಡಿಯನ್ನೂ ದುರಸ್ತಿಗೊಳಿಸಿ ಅವರು ಮತ್ತೆ 45 ಪೌಂಡಿಗೆ ಮಾರಿದರು. ಹಳೆಯದಕ್ಕೆ ಬೆಲೆ ಕಟ್ಟಿದ್ದರಿಂದಲೇ ಹೊಸದು ಮಾರಾಟವಾಯಿತೆಂಬುದು ಇಲ್ಲಿ ಗಮನಾರ್ಹ. ಈ ಸಂಸ್ಥೆಯ ಯಂತ್ರಗಳು 1979ರಿಂದ ಹರಿಯಾಣದ ಬಲ್ಲಭಗಢದಲ್ಲಿಯೂ ತಯಾರಾಗತೊಡಗಿದವು. ಇಂದು ಕನ್ನಡ ನಾಡಿನ ಹಳ್ಳಿಗಳಲ್ಲಿ ಇಂತಹ ಯಂತ್ರವನ್ನು ಯಾರೇ ತಯಾರಿಸಿರಲಿ, ಅದು 'ಜೆಸಿಬಿ'ಯೇ.

ಬೆಲೆಯನ್ನು ಬಹಿರಂಗಗೊಳಿಸಿದ್ದು ಹರಾಜಿನ ಪದ್ಧತಿ. ಕೆನಡದ ಕೆಲೋನ ಪಟ್ಟಣದಲ್ಲಿ ಪೀಠೋಪಕರಣಗಳ ಅಂಗಡಿಯನ್ನು ನಡೆಸುತ್ತಿದ್ದ ರಿಚಿ ಸಹೋದರರು ಬ್ಯಾಂಕಿನ 2,000 ಡಾಲರು ಸಾಲವನ್ನು ತೀರಿಸುವುದಕ್ಕಾಗಿ 1958ರಲ್ಲಿ ಮಿಕ್ಕ ಸರಕನ್ನು ಹರಾಜು ಹಾಕಿದರು. 1963ರಲ್ಲಿ ಅವರು ರೇಡಿಯಂ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಕನಿಷ್ಠ ಬೆಲೆಯ ಕಟ್ಟಿಲ್ಲದೆ ಯಂತ್ರಗಳ ದೊಡ್ಡ ಹರಾಜನ್ನು ನಡೆಸಿದರು. ಕೊನೆಯ ಸವಾಲು ಎಷ್ಟೇ ಕಡಿಮೆಯಿರಲಿ, ಸರಕು ಕೂಗಿದವನದೇ; ಮಾರುವವನು ತನ್ನ ಸರಕಿಗೆ ತಾನೇ ಸವಾಲು ಕೂಗುವಂತಿಲ್ಲ. ಈ ನಿಯಮದಿಂದ ಮಾರುವವನಿಗೆ ನಷ್ಟದ ಭಯವಿದ್ದರೂ ಕೊಳ್ಳುವವರಲ್ಲಿ ವಿಶ್ವಾಸ ಹುಟ್ಟಿತು. ದೂರದಿಂದಲೂ ಜನ ನೆರೆಯುವಂತಾಯಿತು.

ವಿಶ್ವಾಸಕ್ಕೆ ಇಷ್ಟು ಮಹತ್ವವೇಕೆ? ಹಳೆಯ ಯಂತ್ರದ ದೋಷಗಳು ಮಾರುವವನಿಗೆ ತಿಳಿದಷ್ಟು ಕೊಳ್ಳುವವನಿಗೆ ತಿಳಿಯವು. ಬಣ್ಣ ಬಳಿದ ಬಕೆಟ್ಟು ಕಣ್ಣಿಗೆ ಕಾಣುತ್ತದೆ. ಹೈಡ್ರಾಲಿಕ್ ಪಂಪಿನ ಸವೆತ ಕಾಣುವುದಿಲ್ಲ. ಗಂಟೆಗಳನ್ನು ಎಣಿಸುವ ಮೀಟರನ್ನು ತಿದ್ದಲೂಬಹುದು. ಇಂತಹ ಸಂದೇಹವಿರುವೆಡೆ ಒಳ್ಳೆಯ ಸರಕಿಗೂ ತಕ್ಕ ಬೆಲೆ ದೊರೆಯದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಅವರು 1970ರಲ್ಲಿ ಹಳೆಯ ಮೋಟಾರು ಕಾರುಗಳ ನಿದರ್ಶನದಿಂದ ಪ್ರತಿಪಾದಿಸಿದರು. ನಮ್ಮ ಪ್ರಕೃತ ವಿಷಯಕ್ಕೂ ಆ ವಾದವು ಸಲ್ಲುತ್ತದೆ.

ಪೇಟೆಯ ಏರಿಳಿತಗಳಾದರೋ ಯಂತ್ರದ ಸ್ಥಿತಿಗತಿಗಿಂತ ಕಾಲದ ಸ್ಥಿತಿಗತಿಯನ್ನೇ ಹೆಚ್ಚಾಗಿ ಅನುಸರಿಸಿವೆ. 1990ರ ದಶಕದಲ್ಲಿ ಜಪಾನಿನ ಕಟ್ಟಡ ಉದ್ಯಮವು ಕುಗ್ಗಿದಾಗ ಅಲ್ಲಿಯ ಪುಟ್ಟ ಯಂತ್ರಗಳು ಏಷ್ಯದ ಇತರ ದೇಶಗಳಿಗೆ ಹರಿದವು. 2008ರ ಆರ್ಥಿಕ ಮುಗ್ಗಟ್ಟಿನಲ್ಲಿ ಅಮೆರಿಕದಲ್ಲಿ ಮನೆಗಳ ನಿರ್ಮಾಣ ನಿಂತು, ಕೆಲಸವಿಲ್ಲದ ಯಂತ್ರಗಳ ಬೆಲೆ ಇಳಿಯಿತು. 2021 ಮತ್ತು 2022ರಲ್ಲಿ ಹೊಸ ಯಂತ್ರಗಳ ಪೂರೈಕೆ ತಡವಾದುದರಿಂದ ಅದೇ ಹಳೆಯ ಸರಕಿನ ಬೆಲೆ ಏರಿತು.

ಶಾಸನವೂ ಬೆಲೆಯನ್ನು ಬದಲಿಸಬಲ್ಲದು. ಭಾರತದಲ್ಲಿ ಗಾಲಿಯುಳ್ಳ ನಿರ್ಮಾಣ ಯಂತ್ರಗಳ ಹೊಗೆಯ ಮಿತಿಯು 2021ರ ಏಪ್ರಿಲಿನಲ್ಲಿಯೂ ಮತ್ತೆ 2025ರ ಜನವರಿಯಲ್ಲಿಯೂ ಬಿಗಿಯಾಯಿತು. ಹೊಸ ಎಂಜಿನ್ನುಗಳು ಶುಚಿಯಾದವು; ಜೊತೆಗೆ ದುಬಾರಿಯೂ ಜಟಿಲವೂ ಆದವು. ಊರಿನ ಮೆಕ್ಯಾನಿಕ್ಕನು ಬಿಚ್ಚಿ ಜೋಡಿಸಬಲ್ಲ ಹಳೆಯ ಎಂಜಿನ್ನಿಗೆ ಸಣ್ಣ ಒಡೆಯನು ಬೆಲೆ ಕೊಡುವುದು ಈ ಕಾರಣದಿಂದ ಸಹಜವೇ. ಸಾರ್ವಜನಿಕರ ಗಾಳಿಯ ಹಿತವೂ ಅವನ ಜೀವನೋಪಾಯವೂ ಇಲ್ಲಿ ಪರಸ್ಪರ ಎದುರಾಗಿವೆ.

ಈ ವಿವೇಚನೆಯಿಂದ ಒಂದು ಸಂಗತಿಯು ವಿದಿತವಾಗುತ್ತದೆ. ದೊಡ್ಡ ಸಂಸ್ಥೆಗೆ ಮರುಮಾರಾಟದ ಬೆಲೆಯು ಲೆಕ್ಕದ ಪುಸ್ತಕದ ಒಂದು ಬಾಬು ಮಾತ್ರ. ಸಾಲ ಮಾಡಿ ಒಂದೇ ಯಂತ್ರವನ್ನು ಕೊಂಡವನಿಗೆ ಅದುವೇ ಸಮಸ್ತ ಬಂಡವಾಳ. ಬೆಲೆ ಕುಸಿದಾಗ ಯಂತ್ರವನ್ನು ಮಾರಿದರೂ ಸಾಲ ತೀರದೆ ಕಂತಿನ ಹೊರೆ ಉಳಿಯುತ್ತದೆ. ಆದುದರಿಂದ ಹರಾಜಿನ ಪ್ರಕಟಣೆಗಳು, ಸಾಲದ ಖಾತೆಗಳು, ದುರಸ್ತಿ ಅಂಗಡಿಗಳ ರಸೀದಿ ಪುಸ್ತಕಗಳು ಇವೆಲ್ಲವೂ ಚರಿತ್ರೆಯ ಆಕರಗಳೆಂದು ನಾವು ಭಾವಿಸುತ್ತೇವೆ. ನಮ್ಮ ಜಿಲ್ಲೆಗಳಲ್ಲಿ ಇವು ರದ್ದಿಯಾಗಿ ಹೋಗುವ ಮುನ್ನ ಸಂಗ್ರಹಿಸುವ ಕಾರ್ಯವನ್ನು ವಿದ್ಯಾರ್ಥಿಗಳು ಕೈಗೊಳ್ಳುವುದು ಅಗತ್ಯ.