ಶಾಲೆ ಯಾರಿಗಾಗಿ? ಕೂಲಿಮಠದಿಂದ ನಲಿ-ಕಲಿಯವರೆಗೆ

ಬೆಂಗಳೂರಿನ ದೊಮ್ಮಲೂರಿನಲ್ಲಿರುವ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ ಶತಮಾನಗಳಷ್ಟು ಹಳೆಯ ತಮಿಳು ಶಾಸನಗಳಿವೆ. ಹೊರಗೆ ಬೀದಿಗೆ ಬಂದರೆ ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿ ಎಲ್ಲವೂ ಕಿವಿಗೆ ಬೀಳುತ್ತವೆ. ಇಂಥ ಕಡೆ ಶಾಲೆ ಹೇಗಿರಬೇಕು? ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ. ಆದರೆ ಶಾಲೆ ಕಟ್ಟಿದವರು ಬಹುಕಾಲ ನೋಡಿದ್ದು ಮಗುವನ್ನಲ್ಲ, ಅದು ಮುಂದೆ ಸೇರಬೇಕಾದ ಕಚೇರಿಯನ್ನು.

ಕಚೇರಿಗಳ ಕಾಲಕ್ಕೆ ಮುಂಚೆ ಇದ್ದದ್ದು ಕೂಲಿಮಠ. ಐಗಳ, ಅಂದರೆ ಊರ ಮೇಷ್ಟರ, ಜಗಲಿಯಲ್ಲಿ ಎಲ್ಲ ವಯಸ್ಸಿನ ಮಕ್ಕಳೂ ಒಟ್ಟಿಗೆ ಕೂರುತ್ತಿದ್ದರು. ಒಬ್ಬ ಮರಳಿನಲ್ಲಿ ಅಕ್ಷರ ತಿದ್ದಿದರೆ ಇನ್ನೊಬ್ಬ ಮಗ್ಗಿ ಹೇಳುತ್ತಿದ್ದ, ದೊಡ್ಡವನು ಚಿಕ್ಕವನಿಗೆ ಕಲಿಸುತ್ತಿದ್ದ. ಅಲ್ಲಿ ಜಾತಿಯ ಬಾಗಿಲು ಬಿಗಿಯಾಗಿತ್ತು, ಬೆತ್ತವೂ ಇತ್ತು. ಅದನ್ನು ಮರೆತು ಹೊಗಳುವುದು ತಪ್ಪು. ಆದರೂ ಹಿರಿಯ ಮಕ್ಕಳಿಂದ ಕಿರಿಯರಿಗೆ ಕಲಿಸುವ ಈ ಕ್ರಮವನ್ನು ಮದ್ರಾಸಿನಲ್ಲಿದ್ದ ಪಾದ್ರಿ ಆಂಡ್ರ್ಯೂ ಬೆಲ್ ಹದಿನೆಂಟನೇ ಶತಮಾನದ ಕೊನೆಗೆ ಇಂಗ್ಲೆಂಡಿಗೆ ಕೊಂಡೊಯ್ದದ್ದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ.

1809ರಲ್ಲಿ ಬ್ರಿಟಿಷರ ದಂಡು ಬೆಂಗಳೂರಿನಲ್ಲಿ ನೆಲೆಯೂರಿತು. ಸೇಂಟ್ ಜೋಸೆಫ್ಸ್ (1858), ಬಿಷಪ್ ಕಾಟನ್ (1865), ಬಾಲ್ಡ್‌ವಿನ್ (1880) ಶಾಲೆಗಳು ಸಾಲಾಗಿ ಬಂದವು. ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳನ್ನು ಸೇನೆ, ರೈಲ್ವೆ, ಆಡಳಿತಕ್ಕೆ ಸಿದ್ಧಮಾಡುವುದೇ ಆ ಬಗೆಯ ಶಾಲೆಗಳ ಮುಖ್ಯ ಗುರಿ. ದಂಡಿನ ಬಡಮಕ್ಕಳ ನೆನಪಾದದ್ದು ವರ್ತಕ ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರರಿಗೆ. 1873ರಲ್ಲಿ ಅವರು ಆರಂಭಿಸಿದ ಶಾಲೆ ಇಂದು ಹಲಸೂರು ಕೆರೆಯ ಬಳಿ ಆರ್‌ಬಿಎಎನ್‌ಎಂ ಸಂಸ್ಥೆಯಾಗಿ ಬೆಳೆದಿದೆ.

ಅತ್ತ ಮೈಸೂರು ಸೀಮೆಯಲ್ಲಿ ಶಿಕ್ಷಣ ಇಲಾಖೆಯ ಬಿ.ಎಲ್. ರೈಸ್ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ತಂದರು. 1913ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಆಯ್ದ ಕಡೆ ಕಡ್ಡಾಯ ಮಾಡುವ ಕಾನೂನು ಬಂತು. ಕೂಲಿಮಠದ ಬಾಗಿಲು ಕಾಣದ ಮಕ್ಕಳಿಗೂ ಇಂಥ ಕ್ರಮಗಳಿಂದ ಅಕ್ಷರ ಸಿಕ್ಕಿತು. ಜೊತೆಗೇ ತರಗತಿ, ಪಠ್ಯಪುಸ್ತಕ, ಇನ್‌ಸ್ಪೆಕ್ಟರು, ಪರೀಕ್ಷೆಗಳೂ ಬಂದವು. ಎಲ್ಲರೂ ಒಂದೇ ದಿನ ಒಂದೇ ಪುಟ ಓದಬೇಕೆಂಬ ನಿಯಮ ಆಗ ಬೇರು ಬಿಟ್ಟದ್ದು ಇಂದಿಗೂ ಅಲುಗಿಲ್ಲ.

ಅದನ್ನು ಅಲುಗಿಸಲು ಹೊರಟ ದೊಡ್ಡ ಸರ್ಕಾರಿ ಪ್ರಯತ್ನ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಮದನಪಲ್ಲಿ ಬಳಿಯ ರಿಷಿವ್ಯಾಲಿ ಶಾಲೆಗೆ ಹೋಗಿ ಅಲ್ಲಿನ ಗ್ರಾಮಶಾಲೆಗಳನ್ನು ಕಂಡು ಬಂದರು. ಯುನಿಸೆಫ್ ಬೆನ್ನಿಗೆ ನಿಂತಿತು. ಪಾಠಗಳು ಕಾರ್ಡುಗಳಾದವು, ವರ್ಷದ ಪಠ್ಯ ಮೈಲಿಗಲ್ಲುಗಳ ಏಣಿಯಾಯಿತು. ಮಗು ಏಣಿಯಲ್ಲಿ ತಾನಿರುವ ಮೆಟ್ಟಿಲು ನೋಡಿ, ತನ್ನ ಕಾರ್ಡು ತೆಗೆದುಕೊಂಡು, ಶಿಕ್ಷಕರ ಗುಂಪಿಗೋ ಗೆಳೆಯರ ಗುಂಪಿಗೋ ಹೋಗಿ ಕೂರುತ್ತದೆ. ಕಪ್ಪುಹಲಗೆ ಮಗುವಿನ ಕೈಗೆಟುಕುವಷ್ಟು ಕೆಳಗಿಳಿದಿದೆ. ತಲೆಯ ಮೇಲೆ ದಾರದ ಚಪ್ಪರ, ಅದರಲ್ಲಿ ಮಕ್ಕಳೇ ಬರೆದ ಚಿತ್ರಗಳು. ವಾರ ರಜೆ ಹಾಕಿ ಬಂದ ಮಗು ಬಿಟ್ಟಲ್ಲಿಂದಲೇ ಶುರುಮಾಡುತ್ತದೆ. ಕಲಿಕೆಯೂ ಅ, ಆ, ಇ ಎಂದು ಹೊರಡುವುದಿಲ್ಲ: ರ, ಗ, ಸ, ದ, ಅ. ಈ ಐದು ಕೈಗೆ ಬಂದರೆ ಅರಸ, ಅಗಸ, ಸರ, ದರ ಎಂದು ಆಗಲೇ ಓದಬಹುದು. ವರ್ಣಮಾಲೆ ಮುಗಿಯುವವರೆಗೆ ಅರ್ಥಕ್ಕಾಗಿ ಕಾಯಬೇಕಿಲ್ಲ. ಕನ್ನಡದಲ್ಲಿ ಮಗುವಿನ ಕಡೆಯಿಂದ ಯೋಚಿಸಿದ ಇದಕ್ಕಿಂತ ಒಳ್ಳೆಯ ಪಾಠಕ್ರಮ ನಾನು ಕಂಡಿಲ್ಲ. ಕೂಲಿಮಠದ ಜಗಲಿ, ಅದರ ಜಾತಿ ಮತ್ತು ಬೆತ್ತಗಳನ್ನು ಕಳಚಿ, ಸರ್ಕಾರಿ ಶಾಲೆಗೆ ಮರಳಿ ಬಂದಿತ್ತು.

2009-10ರಲ್ಲಿ ನಲಿ-ಕಲಿ ರಾಜ್ಯವ್ಯಾಪಿಯಾಯಿತು. ಆದರೆ ಮೂರನೇ ತರಗತಿಗೆ ನಿಂತುಹೋಯಿತು. ಕೆಲವೆಡೆ ಕಾರ್ಡುಗಳು ದಾಖಲೆ ತುಂಬುವ ಕೆಲಸಕ್ಕೆ ಇಳಿದವು. ಪುಸ್ತಕವೇ ಇಲ್ಲದ ತರಗತಿ ಕಂಡು ಪೋಷಕರೂ ಕಳವಳಗೊಂಡರು.

ಅಷ್ಟರಲ್ಲಿ ಚರ್ಚೆಯೇ ಯಾವ ಶಾಲೆ, ಯಾವ ಮಾಧ್ಯಮ ಎಂಬ ಬೇರೆ ದಾರಿ ಹಿಡಿದಿತ್ತು. ಶಿಕ್ಷಣ ಹಕ್ಕು ಕಾಯ್ದೆ 2010ರಲ್ಲಿ ಜಾರಿಯಾಗಿ ಖಾಸಗಿ ಶಾಲೆಗಳ ಶೇ 25 ಸೀಟುಗಳನ್ನು ಬಡವರಿಗೆ ತೆರೆಯಿತು. ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟಿಲ್ಲ ಎಂದು ರಾಜ್ಯ 2019ರಲ್ಲಿ ನಿಯಮ ತಿದ್ದಿತು. ಬೆಂಗಳೂರಿನ ಮಟ್ಟಿಗೆ ಬಾಗಿಲು ಬಹುತೇಕ ಮುಚ್ಚಿದಂತಾಯಿತು. ಖಾಸಗಿ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿತ್ತು. 2019ರಲ್ಲಿ ಸರ್ಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಮಾಧ್ಯಮದ ಜಗಳ ನಿಜವಾದದ್ದೇ; ಆದರೆ ಒಳಗಿನ ತರಗತಿ ಬದಲಾಗದೆ ಮಾಧ್ಯಮ ಮಾತ್ರ ಬದಲಾದರೆ ಅದೇ ಪುಟವನ್ನು ಇನ್ನೊಂದು ಭಾಷೆಯಲ್ಲಿ ಬಾಯಿಪಾಠ ಮಾಡಿಸಿದಂತಾಗುತ್ತದೆ.

ದೊಮ್ಮಲೂರಿನಂಥ ಕಡೆ ಮುಂದಿನ ಕೆಲಸ ತರಗತಿಯ ಒಳಗಿನಿಂದ ಶುರುವಾಗಬೇಕು. ಗಾರೆ ಕೆಲಸಕ್ಕೆ ಬಂದ ಕುಟುಂಬದ ಮಗು ನವೆಂಬರಿನಲ್ಲಿ ಸೇರಿದರೆ, ಅದಕ್ಕೆ ಕನ್ನಡವೇ ಬಾರದಿದ್ದರೆ, ಏಣಿ ಇರುವ ತರಗತಿ ಅದನ್ನು ಒಳಗೊಳ್ಳಬಲ್ಲದು, ಪುಟದ ಲೆಕ್ಕದ ತರಗತಿ ಒಳಗೊಳ್ಳಲಾರದು. ಅಂಥ ಏಣಿಯ ತರಗತಿಗೆ ಬೇಕಾದದ್ದು ಮನೆಮಾತಿನಿಂದ ಕನ್ನಡಕ್ಕೆ ದಾಟಿಸುವ ಕಾರ್ಡುಗಳು, ಐದನೇ ತರಗತಿಯವರೆಗೂ ಮುಂದುವರಿಯುವ ಏಣಿ, ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕಿ, ಮತ್ತು ಆ ಶಿಕ್ಷಕಿಯನ್ನು ಸಮೀಕ್ಷೆ, ಚುನಾವಣಾ ಕೆಲಸಗಳಿಗೆ ಎಳೆದೊಯ್ಯದ ಇಲಾಖೆ.