ಮೋತಿಖಾನನ ಊರು

ವಿಜಯಪುರಕ್ಕೆ ಹೋದವರು ಮೊದಲು ಗೋಳಗುಮ್ಮಟ ಹತ್ತುತ್ತಾರೆ. ನಾನು ಅದನ್ನು ಕೊನೆಗಿಡುತ್ತೇನೆ, ಹೊತ್ತಾದರೆ ಬಿಟ್ಟೇಬಿಡುತ್ತೇನೆ. ಧಾರವಾಡದಲ್ಲಿ ಗವಾಯಿಗಳ ಬೆನ್ನ ಹಿಂದೆ ಕೂತು ತಂಬೂರಿ ಮೀಟುತ್ತ ಬಂದವನಿಗೆ ಆ ಗುಮ್ಮಟ ಒಗ್ಗುವುದಿಲ್ಲ. ಒಳಗೆ 124 ಅಡಿ ಅಡ್ಡಳತೆ. ಮೇಲಿನ ಮೊಗಸಾಲೆಯಲ್ಲಿ ನಿಂತು ಒಂದು ಷಡ್ಜ ಹಚ್ಚಿದರೆ ಅದು ಮತ್ತೆ ಮತ್ತೆ ತಿರುಗಿ ಬಂದು ನೀವು ಹಿಡಿಯಹೊರಟ ರಿಷಭದ ಮೇಲೆಯೇ ಬೀಳುತ್ತದೆ. ಸಾಲಿ ಹುಡುಗರ ಸಿಳ್ಳೆ ಬೇರೆ.

ನಾನು ಬಸ್ಸಿಳಿದವನೇ ಹೋಗುವುದು ಊರಿನ ಪಶ್ಚಿಮಕ್ಕೆ, ಕೋಟೆಗೋಡೆಯ ಆಚೆಗಿರುವ ಇಬ್ರಾಹಿಂ ರೋಜಾಕ್ಕೆ.

ಧಾರವಾಡದಲ್ಲಿ ನಾವು ಹೇಳಿಕೊಳ್ಳುವ ಸಂಗೀತದ ಚರಿತ್ರೆ ರೈಲಿನ ಕಾಲದಿಂದ ಶುರುವಾಗುತ್ತದೆ. ಮೈಸೂರು ಅರಮನೆಗೆ ಹೊರಟ ಉಸ್ತಾದರು ದಾರಿಯಲ್ಲಿ ನಮ್ಮಲ್ಲಿ ಇಳಿದರು. ಅಬ್ದುಲ್ ಕರೀಂ ಖಾನರು ಕುಂದಗೋಳದ ರಾಮಭಾವು ಅವರನ್ನು ತಯಾರು ಮಾಡಿದರು, ಅವರೇ ಸವಾಯಿ ಗಂಧರ್ವರಾದರು. ಸಿತಾರದ ರಹಿಮತ್ ಖಾನರು ಧಾರವಾಡದಲ್ಲೇ ಮನೆ ಮಾಡಿದರು. ಇದೆಲ್ಲ ಖರೆ. ಆದರೆ ಅದಕ್ಕೂ ಮುನ್ನೂರು ವರ್ಷ ಹಿಂದೆ, ಇಲ್ಲಿಂದ ಸುಮಾರು 200 ಕಿಲೋಮೀಟರ್ ದೂರದಲ್ಲಿ, ಭೂಪಾಲಿ, ತೋಡಿ, ಮಲ್ಹಾರ, ಕಾನಡಾ ಎಂದು ರಾಗದ ಹೆಸರು ಹಾಕಿ ಹಾಡು ಕಟ್ಟುತ್ತಿದ್ದ ಸುಲ್ತಾನನೊಬ್ಬನಿದ್ದ. ನಮ್ಮ ಧಾರವಾಡದ ಕೋಟೆಯೂ ಆಗ ಅವನ ಕೈಯಲ್ಲೇ ಇತ್ತು. ಅವನ ಹೆಸರನ್ನು ನಮ್ಮ ಬೈಠಕ್ಕುಗಳಲ್ಲಿ ಯಾರಾದರೂ ಎತ್ತಿದ್ದನ್ನು ನಾನು ಕೇಳಿಲ್ಲ.

ಎರಡನೆಯ ಇಬ್ರಾಹಿಂ ಆದಿಲ್‌ಶಾಹಿ 1580ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ ಗಾದಿಗೆ ಬಂದ, 1627ರವರೆಗೆ ಆಳಿದ. ಅವನ 'ಕಿತಾಬ್-ಎ-ನವರಸ್' ದಖ್ಖನಿಯಲ್ಲಿದೆ. 17 ರಾಗಗಳ ಹೆಸರಿನ ಕೆಳಗೆ ಹಾಡುಗಳನ್ನು ಜೋಡಿಸಿದ್ದಾನೆ. ಸರಸ್ವತಿಯನ್ನು ನೆನೆಯುತ್ತಾನೆ, ಗಣಪತಿಯನ್ನು ತಂದೆ ಎನ್ನುತ್ತಾನೆ, ತನ್ನ ಊರನ್ನು ವಿದ್ಯಾಪುರ ಎಂದು ಕರೆಯುತ್ತಾನೆ. ನನಗೆ ಅವನು ಹತ್ತಿರದವನಾದದ್ದು ಬೇರೊಂದು ಕಾರಣಕ್ಕೆ: ತನ್ನ ತಂಬೂರಿಗೆ ಅವನು ಮೋತಿಖಾನ್ ಎಂದು ಹೆಸರಿಟ್ಟಿದ್ದ. ಚಿತ್ರಕಾರ ಫರ್ರುಖ್ ಬೇಗ್ ಅವನನ್ನು ವಾದ್ಯ ಹಿಡಿದು ನುಡಿಸುತ್ತಿರುವಂತೆಯೇ ಬರೆದಿದ್ದಾನೆ. ಆ ಚಿತ್ರ ಈಗ ಪ್ರಾಗ್ ನಗರದ ನಾಪ್ರ್‌ಸ್ಟೆಕ್ ಸಂಗ್ರಹಾಲಯದಲ್ಲಿದೆ. ಅಕ್ಬರನ ದೂತನಾಗಿ ಬಂದ ಅಸದ್ ಬೇಗನಿಗೆ ಮಾತ್ರ ಈ ಗುಂಗು ಅಷ್ಟು ಹಿಡಿಸಿದಂತಿಲ್ಲ. ಸುಲ್ತಾನ ಹಾಡಿನಲ್ಲಿ ಮುಳುಗಿ ತನ್ನ ಮಾತಿಗೆ ಸರಿಯಾಗಿ ಉತ್ತರವನ್ನೂ ಕೊಡಲಿಲ್ಲವೆಂದು ಬರೆದಿಟ್ಟಿದ್ದಾನೆ. ಹೋಗುವಾಗ ಆ ದೂತ ವಿಜಯಪುರದಿಂದ ಅಕ್ಬರನಿಗೆ ಒಯ್ದ ಹೊಸ ಸರಕು ತಂಬಾಕು.

ಇಬ್ರಾಹಿಮನ ಈ ರೋಜಾದ ಆವರಣದಲ್ಲಿ ಎತ್ತರದ ಒಂದೇ ಕಟ್ಟೆಯ ಮೇಲೆ ಎರಡು ಕಟ್ಟಡ: ಪೂರ್ವಕ್ಕೆ ಗೋರಿ, ಪಶ್ಚಿಮಕ್ಕೆ ಮಸೀದಿ, ನಡುವೆ ಹೊಂಡ. ಮಸೀದಿಯ ಸಜ್ಜೆಯ ಕೆಳಗೆ ಕಲ್ಲಿನಲ್ಲೇ ಕಡಿದ ಸರಪಳಿಗಳು ಜೋತುಬಿದ್ದಿವೆ. ಗೋರಿಯ ದಕ್ಷಿಣದ ಬಾಗಿಲಲ್ಲಿ ಪಾರ್ಸಿ ಬರಹ. ರಾಣಿ ತಾಜ್ ಸುಲ್ತಾನಾ ಹೇಳಿದಂತೆ ಮಲಿಕ್ ಸಂದಲ್ ಕಟ್ಟಿಸಿದ, ಒಂದೂವರೆ ಲಕ್ಷದ ಮೇಲೆ 900 ಹೊನ್ನು ಖರ್ಚಾಯಿತು ಎಂಬುದು ಅದರ ತಾತ್ಪರ್ಯ. ಆ 900 ನನಗೆ ಬಹಳ ಇಷ್ಟ. ಲೆಕ್ಕ ಬರೆದವನು ದುಂಡು ಮಾಡಲಿಲ್ಲ. ರಾಣಿಗೆಂದು ಎದ್ದ ಗೋರಿಗೆ ರಾಜನೇ ಮೊದಲು ಬಂದ. ಇದನ್ನು 'ದಕ್ಷಿಣದ ತಾಜಮಹಲು' ಎನ್ನುವವರಿಗೆ ಒಂದು ಮಾತು: ಆಗ್ರಾದ ಕೆಲಸ ಶುರುವಾದದ್ದು 1632ರಲ್ಲಿ, ಇದು ಮುಗಿದು ಐದಾರು ವರ್ಷಗಳ ಮೇಲೆ.

ನಾನು ಹೊತ್ತು ಕಳೆಯುವುದು ಕಿಟಕಿಗಳ ಹತ್ತಿರ. ಸಾಮಾನ್ಯ ಜಾಲಂಧ್ರದಲ್ಲಿ ಹೂವೋ ನಕ್ಷತ್ರವೋ ಇರುತ್ತದೆ. ಇಲ್ಲಿ ಅರಬ್ಬಿ ಅಕ್ಷರಗಳೇ ಜಾಲಿ. ಅಕ್ಷರದ ಸುತ್ತಲಿನ ಕಲ್ಲನ್ನು ಆಚೆಯವರೆಗೂ ಕೊರೆದು ತೆಗೆದಿದ್ದಾರೆ; ಅಕ್ಷರಗಳು ಒಂದರ ಹೆಗಲ ಮೇಲೊಂದು ನಿಂತು ಕಿಟಕಿಯನ್ನು ತುಂಬಿವೆ. ಒಳಗಿನ ಕತ್ತಲಲ್ಲಿ ನಿಂತು ನೋಡಿದರೆ ಅಕ್ಷರ ಕಪ್ಪು, ಬಿಟ್ಟ ಜಾಗವೆಲ್ಲ ಬೆಳಕು. ಇಡೀ ಕುರಾನನ್ನೇ ಗೋಡೆಗೆ ಕೆತ್ತಿದ್ದಾರೆ ಎಂದು ಹೇಳುವವರಿದ್ದಾರೆ. ಅಷ್ಟು ಗೋಡೆ ಅಲ್ಲಿಲ್ಲ, ಆಯ್ದ ಭಾಗಗಳಿವೆ. ಇನ್ನು ಒಳಕೋಣೆಯ ಮಾಳಿಗೆ. ಸುಮಾರು 40 ಅಡಿ ಚೌಕದ ಕೋಣೆ, ನಡುವೆ ಒಂದೂ ಕಂಬವಿಲ್ಲ. ಮಾಳಿಗೆ ಗೋಡೆಯಿಂದ ಬಾಗಿ ಒಳಕ್ಕೆ ಬಂದು, ಮಧ್ಯದಲ್ಲಿ ಸಪಾಟಾಗುತ್ತದೆ. ಕಲ್ಲು ಕಲ್ಲಿನ ಅಂಚಿಗೆ ಹತ್ತಿಕೊಂಡು ನಿಂತಿದೆ, ಹಿಡಿದಿರುವುದು ಗಚ್ಚು. ನಾಲ್ಕು ಶತಮಾನದಿಂದ ಹಾಗೇ ಇದೆ. ಅದರ ಕೆಳಗೆ ಯಾರಾದರೂ ಮಾತಾಡಿದರೆ ಮಾತು ಮಾತಾಗಿಯೇ ಕೇಳುತ್ತದೆ.

ಹೋದ ಸಲ ನನ್ನ ಜೊತೆ ಹಾಡುವ ಗೆಳೆಯನೊಬ್ಬ ಬಂದಿದ್ದ. ಇಷ್ಟಕ್ಕೇ ಬಿಡಬಾರದೆಂದು ಅವನನ್ನು ತೊರವಿಗೂ ಎಳೆದುಕೊಂಡು ಹೋದೆ. ಕನ್ನಡದವರಿಗೆ ತೊರವೆ ಎಂದರೆ ನರಸಿಂಹ ದೇವರು, ಕುಮಾರ ವಾಲ್ಮೀಕಿಯ ರಾಮಾಯಣ. ಅದರ ಮಗ್ಗುಲಲ್ಲೇ ಇಬ್ರಾಹಿಂ 1599ರಲ್ಲಿ ನವರಸಪುರ ಎಂಬ ಹೊಸ ರಾಜಧಾನಿಗೆ ಕೈಹಾಕಿದ. ಪಟ್ಟಣ ಪೂರ್ತಿಯಾಗಲೇ ಇಲ್ಲ. 1624ರಲ್ಲಿ ಅಹ್ಮದನಗರದ ಮಲಿಕ್ ಅಂಬರ್ ದಂಡು ತಂದು ಅದನ್ನು ಸೂರೆ ಮಾಡಿದ. ಉಳಿದದ್ದರಲ್ಲಿ ಎದ್ದು ಕಾಣುವುದು ಸಂಗೀತ ಮಹಲು, ದೊಡ್ಡ ಕಮಾನಿನ ಹಾಳು ಕಟ್ಟಡ. ಊರೊಳಗಿನ ಗಗನಮಹಲನ್ನು ನೋಡಿದವರಿಗೆ ಅದೇ ಮಾದರಿ ಎಂದು ತಟ್ಟನೆ ಗೊತ್ತಾಗುತ್ತದೆ.

ಮರಳುವಾಗ ಕೋಲ್ಹಾರದಲ್ಲಿ ಬಸ್ಸು ನಿಂತಿತು. ಗಡಿಗೆಯ ಮೊಸರು ತಿನ್ನುತ್ತ ಗೆಳೆಯ, ಮುಂದಿನ ಬೈಠಕ್ಕಿನಲ್ಲಿ ಇಬ್ರಾಹಿಮನ ಭೂಪಾಲಿ ಹಾಡುವುದಾಗಿ ಸಾರಿದ. ಭೂಪಾಲಿ ಹಾಡು, ಇಬ್ರಾಹಿಮನದು ಅನ್ನಬ್ಯಾಡ ಅಂದೆ. ಪುಸ್ತಕದಲ್ಲಿ ರಾಗದ ಹೆಸರಿದೆ, ಸಾಹಿತ್ಯವಿದೆ, ಸ್ವರ ಬರೆದಿಲ್ಲ. ಅವನ ಭೂಪಾಲಿ ನಮ್ಮ ಭೂಪಾಲಿಯೇ ಎಂದು ಯಾವ ಗವಾಯಿಯೂ ಆಣೆ ಮಾಡಲಾರ.

'ಹಂಗಾರ ನಿನ್ನ ತಂಬೂರಿಗರೆ ಮೋತಿಖಾನ್ ಅಂತ ಹೆಸರಿಡೋಣಲ್ಲ?' ಅಂದ.

ನನ್ನದು ಮಿರಜಿನ ತಂಬೂರಿ. ಬಸ್ಸಿನಲ್ಲಿ ಈಗಲೇ ಕಂಡಕ್ಟರ್ ಅದಕ್ಕೆ ಅರ್ಧ ಟಿಕೆಟ್ ಕೇಳುತ್ತಾನೆ. ಖಾನ್‌ಸಾಹೇಬರು ಅಂದರೆ ಪೂರ್ತಿ ಕೇಳಿಯಾನು.