ಡೀಸೆಲ್ ಪಿಕಪ್ಪಿನ ಹೆಚ್ಚುವರಿ ಗೇಜುಗಳು: ಒಂದು ಅಮೆರಿಕನ್ ರೂಢಿಯ ಚರಿತ್ರೆ

ಕುದುರೆ ಸಾಗಿಸುವ ಟ್ರೇಲರನ್ನೋ ಹುಲ್ಲಿನ ಪಿಂಡಿ ಹೇರಿದ ಗಾಡಿಯನ್ನೋ ಎಳೆದುಕೊಂಡು ಓಡುವ ಅಮೆರಿಕದ ಡೀಸೆಲ್ ಪಿಕಪ್ಪುಗಳ ಕ್ಯಾಬಿನ್ನಿನಲ್ಲಿ, ಕಾರ್ಖಾನೆ ಕೊಟ್ಟ ಮೀಟರುಗಳ ಜೊತೆಗೆ, ಚಾಲಕನ ಎಡಗಡೆಯ ಗಾಜಿನ ಕಂಬದ ಮೇಲೆ ಒಂದರ ಮೇಲೊಂದರಂತೆ ಕೂರಿಸಿದ ಎರಡು ಮೂರು ದುಂಡನೆಯ ಗೇಜುಗಳು 1990ರ ದಶಕದಿಂದೀಚೆಗೆ ಸಾಮಾನ್ಯ ನೋಟವಾದವು. ಇವು ಅಲಂಕಾರಕ್ಕಾಗಿ ಬಂದವಲ್ಲ. ಒಂದೊಂದು ತಲೆಮಾರಿನ ಎಂಜಿನ್ನಿನಲ್ಲೂ ಯಾವ ಭಾಗ ದುರ್ಬಲವಾಗಿತ್ತೋ, ಯಾವುದು ಕೆಟ್ಟರೆ ಮಾಲೀಕನಿಗೆ ದೊಡ್ಡ ಖರ್ಚು ಬೀಳುತ್ತಿತ್ತೋ, ಆ ಭಾಗವನ್ನು ಕಾಯುವ ಗೇಜು ಆ ಕಾಲದ ಪಿಕಪ್ಪಿನೊಳಕ್ಕೆ ಬಂದಿತು. ಹಾಗಾಗಿ ಈ ಗೇಜುಗಳನ್ನು ಬಂದ ಕ್ರಮದಲ್ಲಿ ಗಮನಿಸಿದರೆ, ನಾಲ್ಕು ದಶಕಗಳ ಡೀಸೆಲ್ ಎಂಜಿನ್ನಿನ ದೌರ್ಬಲ್ಯಗಳ ಚರಿತ್ರೆ ತೆರೆದುಕೊಳ್ಳುತ್ತದೆ. ಯಂತ್ರದ ಒಳಗೆ ಏನಾಗುತ್ತಿದೆ ಎಂಬುದನ್ನು ತಿಳಿಯುವ ಹಕ್ಕು ತಯಾರಕನದೋ ಚಾಲಕನದೋ ಎಂಬ ಹಳೆಯ ತಕರಾರಿನ ಚರಿತ್ರೆಯೂ ಅದರ ಜೊತೆಗೇ ಸಾಗುತ್ತದೆ.

ಈ ಗೇಜುಗಳು ಕೆಲಸಮಾಡುವ ತತ್ವಗಳು ಮೋಟಾರು ವಾಹನಕ್ಕಿಂತ ಹಳೆಯವು. ಪ್ಯಾರಿಸ್ಸಿನ ಯೂಜೆನ್ ಬೂರ್ದೋ 1849ರಲ್ಲಿ ಹಕ್ಕುಪತ್ರ ಪಡೆದ ಒತ್ತಡಮಾಪಕದಲ್ಲಿ, ಚಪ್ಪಟೆಯಾಗಿಸಿ ಬಿಲ್ಲಿನಂತೆ ಬಾಗಿಸಿದ ಲೋಹದ ಕೊಳವೆಯೊಂದು ಇರುತ್ತದೆ. ಒಳಗಿನ ಒತ್ತಡ ಹೆಚ್ಚಿದಂತೆ ಕೊಳವೆ ನೆಟ್ಟಗಾಗಲು ಹೊರಡುತ್ತದೆ, ಅದರ ತುದಿಯ ಅಲ್ಪ ಚಲನೆಯನ್ನು ಹಲ್ಲಿನ ಚಕ್ರಗಳು ಹಿಗ್ಗಿಸಿ ಮುಳ್ಳನ್ನು ತಿರುಗಿಸುತ್ತವೆ. ಉಗಿಯಂತ್ರಗಳ ಬಾಯ್ಲರುಗಳಿಗಾಗಿ ಹುಟ್ಟಿದ ಈ ಸಾಧನವೇ ಪಿಕಪ್ಪಿನ ಯಾಂತ್ರಿಕ ಒತ್ತಡದ ಗೇಜುಗಳ ಒಳಗೂ ಇದೆ. ಎರಡು ಭಿನ್ನ ಲೋಹಗಳನ್ನು ಬೆಸೆದು ಆ ಬೆಸುಗೆಯನ್ನು ಕಾಯಿಸಿದರೆ ವಿದ್ಯುತ್ ಹುಟ್ಟುತ್ತದೆ ಎಂಬ ಇನ್ನೊಂದು ತತ್ವಕ್ಕೆ, 1821ರಲ್ಲಿ ಥಾಮಸ್ ಯೊಹಾನ್ ಸೀಬೆಕ್ ಕಂಡ ವಿದ್ಯಮಾನವೇ ಮೂಲ. ಉಷ್ಣಯುಗ್ಮವೆಂದು ಕರೆಯುವ ಇಂಥ ಬೆಸುಗೆಯನ್ನು ಬಳಸಿ, ಪಾದರಸದ ಉಷ್ಣಮಾಪಕ ತಡೆಯಲಾರದಷ್ಟು ಬಿಸಿಯನ್ನು ಅಳೆಯುವ ಸಾಧನವೇ ಪೈರೋಮೀಟರ್. ಕುಲುಮೆಗಳಲ್ಲಿ ಪಳಗಿದ ಮೇಲೆ ಅದು ವಾಹನಕ್ಕೆ ಬಂದಿತು.

ಮೋಟಾರು ವಾಹನದ ಆರಂಭದ ಕಾಲದಲ್ಲಿ ಚಾಲಕನೇ ಯಂತ್ರದ ಕಾವಲುಗಾರನಾಗಿದ್ದನು. 1912ರಲ್ಲಿ ಹಕ್ಕುಪತ್ರ ಪಡೆದ ಬಾಯ್ಸ್ ಮೋಟೋಮೀಟರ್ ಎಂಬ ಉಷ್ಣಮಾಪಕವನ್ನು ರೇಡಿಯೇಟರಿನ ಮುಚ್ಚಳದ ಮೇಲೆಯೇ ನಿಲ್ಲಿಸುತ್ತಿದ್ದರು, ಚಾಲಕ ಕುಳಿತಲ್ಲಿಂದಲೇ ಗಾಜಿನಾಚೆಗೆ ಅದನ್ನು ಓದಿಕೊಳ್ಳುತ್ತಿದ್ದನು. ಮುಂದೆ ನೀರಿನ ಬಿಸಿ, ಆಯಿಲ್ ಒತ್ತಡ, ಬ್ಯಾಟರಿಯ ವಿದ್ಯುತ್ತು ಇವುಗಳ ಮೀಟರುಗಳು ಡ್ಯಾಶ್‌ಬೋರ್ಡಿಗೆ ಬಂದವು. ಆದರೆ 1930ರ ದಶಕದ ಮಧ್ಯಭಾಗದಲ್ಲಿ ಹಡ್ಸನ್ ಕಂಪನಿ ಕೆಲವು ಮೀಟರುಗಳ ಬದಲಿಗೆ ಎಚ್ಚರಿಕೆಯ ದೀಪಗಳನ್ನು ಅಳವಡಿಸಿತು, ಮಹಾಯುದ್ಧದ ನಂತರ ಈ ಪದ್ಧತಿ ಉಳಿದ ಕಂಪನಿಗಳಿಗೂ ಹಬ್ಬಿತು. ದೀಪ ಅಗ್ಗ, ಓದಲು ತರಬೇತಿ ಬೇಡ. ಆದರೆ ಅದು ಕೆಟ್ಟದ್ದು ಸಂಭವಿಸಿದ ಮೇಲೆ ಹತ್ತಿಕೊಳ್ಳುವುದೇ ಹೊರತು, ಸಂಭವಿಸುವ ಮೊದಲು ಏರುತ್ತಿರುವ ಬಿಸಿಯನ್ನಾಗಲಿ ಇಳಿಯುತ್ತಿರುವ ಒತ್ತಡವನ್ನಾಗಲಿ ತೋರಿಸುವುದಿಲ್ಲ. ಮುಳ್ಳು ಇದ್ದ ಕಡೆಯಲ್ಲೂ ಮುಂದೆ ಅದೇ ಸ್ಥಿತಿ ಬಂದಿತು. 1980ರ ದಶಕದ ಉತ್ತರಾರ್ಧದಿಂದ ಫೋರ್ಡ್ ಟ್ರಕ್ಕುಗಳ ಆಯಿಲ್ ಒತ್ತಡದ ಮೀಟರಿನ ಹಿಂದೆ ಇದ್ದದ್ದು ಬರಿಯ ಒಂದು ಸ್ವಿಚ್ಚು. ಒತ್ತಡ ತೀರ ಕೆಳಗಿನ ಮಿತಿಯೊಂದನ್ನು ದಾಟಿದರೆ ಸಾಕು, ಮುಳ್ಳು ನಡುವೆ ನಿಂತುಬಿಡುತ್ತಿತ್ತು. ಅದರ ಮೇಲೆ ಒತ್ತಡ ಎಷ್ಟಿದ್ದರೂ ಆ ಮುಳ್ಳಿಗೆ ಒಂದೇ.

ಸರಕು ಸಾಗಿಸುವ ಭಾರಿ ಟ್ರಕ್ಕುಗಳ ಲೋಕ ಮಾತ್ರ ಈ ದಾರಿಯನ್ನು ಹಿಡಿಯಲಿಲ್ಲ. ಅಲ್ಲಿ ಎಂಜಿನ್ ಎಂದರೆ ದುಡಿಮೆಯ ಬಂಡವಾಳ, ಆದ್ದರಿಂದ ಟರ್ಬೋಚಾರ್ಜರ್ ಬಂದಾಗ ಪೈರೋಮೀಟರ್ ಕೂಡ ಚಾಲಕನ ಮುಂದೆ ಬಂದಿತು. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಹಕ್ಕುಪತ್ರ ಪಡೆದ ಕಲ್ಪನೆಯಿಂದ ಬೆಳೆದ ಟರ್ಬೋಚಾರ್ಜರ್, ಎಂಜಿನ್ ಹೊರಬಿಡುವ ಬಿಸಿ ಅನಿಲದ ಬಲದಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುತ್ತದೆ. ಡೀಸೆಲ್ ಎಂಜಿನ್ನಿನ ಸ್ವಭಾವ ಪೆಟ್ರೋಲ್ ಎಂಜಿನ್ನಿಗಿಂತ ಭಿನ್ನವಾದದ್ದು: ಅದರಲ್ಲಿ ಶಕ್ತಿಯನ್ನು ನಿರ್ಧರಿಸುವುದು ಒಳಹೋಗುವ ಇಂಧನದ ಪ್ರಮಾಣ, ಇರುವ ಗಾಳಿಗೆ ಹೋಲಿಸಿದರೆ ಇಂಧನ ಹೆಚ್ಚಾದಂತೆಲ್ಲ ಹೊರಬರುವ ಅನಿಲದ ಬಿಸಿಯೂ ಏರುತ್ತದೆ. ಹೀಗಾಗಿ ಪೈರೋಮೀಟರಿನ ಮುಳ್ಳು ಎಂಜಿನ್ ಹೊತ್ತಿರುವ ಹೊರೆಯನ್ನೇ ತೋರಿಸುತ್ತದೆ. ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನ ಇಸ್‌ಪ್ರೊ, ಶಿಕಾಗೋದ ಸ್ಟೂವರ್ಟ್-ವಾರ್ನರ್ ಮುಂತಾದ ಕಂಪನಿಗಳ ಗೇಜುಗಳು ಭಾರಿ ಯಂತ್ರಗಳಲ್ಲಿ ಹೆಸರು ಮಾಡಿದ್ದವು.

ಪಿಕಪ್ಪಿಗೆ ಡೀಸೆಲ್ ಬಂದದ್ದು 1973ರ ತೈಲ ಬಿಕ್ಕಟ್ಟಿನ ಬೆನ್ನಿಗೆ. ಜನರಲ್ ಮೋಟರ್ಸ್ 1978ರಲ್ಲಿ ಓಲ್ಡ್ಸ್‌ಮೊಬೀಲ್ ವಿಭಾಗದ 5.7 ಲೀಟರ್ ಡೀಸೆಲ್ಲನ್ನೂ 1982ರಲ್ಲಿ 6.2 ಲೀಟರಿನ ಎಂಜಿನ್ನನ್ನೂ ತನ್ನ ಪಿಕಪ್ಪುಗಳಿಗೆ ಕೊಟ್ಟಿತು. ಫೋರ್ಡ್ 1983ರ ಮಾದರಿಯಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ತಯಾರಿಸಿದ 6.9 ಲೀಟರಿನ ಎಂಜಿನ್ನನ್ನು ಕೂರಿಸಿತು. ಇವುಗಳಿಗೆ ಟರ್ಬೋ ಇರಲಿಲ್ಲ, ಏರಿನಲ್ಲಿ ಏದುಸಿರು ಬಿಡುತ್ತಿದ್ದವು. ಆಗ ಕ್ಯಾಲಿಫೋರ್ನಿಯಾದ ಗೇಲ್ ಬ್ಯಾಂಕ್ಸ್ ಅವರ ಸಂಸ್ಥೆಯಂಥವು ಹೊರಗಿನಿಂದ ಜೋಡಿಸುವ ಟರ್ಬೋ ಕಿಟ್ಟುಗಳನ್ನು ಮಾರತೊಡಗಿದವು. ತಯಾರಕರು ಟರ್ಬೋ ಇಲ್ಲದೆ ರೂಪಿಸಿದ ಎಂಜಿನ್ನಿಗೆ ಟರ್ಬೋ ಹಾಕಿದವನು ಅದರ ಮಿತಿಯನ್ನು ತಾನೇ ಕಾಯಬೇಕಾಯಿತು. 1989ರ ಮಾದರಿಯ ಡಾಡ್ಜ್ ರ‍್ಯಾಮ್ ಪಿಕಪ್ಪಿನೊಂದಿಗೆ ಪರಿಸ್ಥಿತಿ ಪೂರ್ತಿ ಬದಲಾಯಿತು: ಇಂಡಿಯಾನಾದ ಕೊಲಂಬಸ್ ಊರಿನ ಕಮಿನ್ಸ್ ಕಂಪನಿಯ 5.9 ಲೀಟರ್, 6 ಸಿಲಿಂಡರ್, 160 ಅಶ್ವಶಕ್ತಿಯ ಎಂಜಿನ್ ಕಾರ್ಖಾನೆಯಿಂದಲೇ ಟರ್ಬೋ ಸಹಿತ ಬಂದಿತು. ಭಾರಿ ಯಂತ್ರಗಳಿಗೆ ಸಲ್ಲುವ ಎಂಜಿನ್ ಪಿಕಪ್ಪಿಗೆ ಬಂದಿತಾದರೂ ಭಾರಿ ಟ್ರಕ್ಕಿನ ಪೈರೋಮೀಟರ್ ಅದರ ಜೊತೆಗೆ ಬರಲಿಲ್ಲ. ಹೆಚ್ಚುವರಿ ಗೇಜಿನ ರೂಢಿ ಬೇರುಬಿಟ್ಟದ್ದು ಈ ಕೊರತೆಯಲ್ಲಿ.

ಮೊದಲ ಸ್ಥಾನ ಪೈರೋಮೀಟರಿಗೇ ಸಂದದ್ದಕ್ಕೆ ಬಲವಾದ ಕಾರಣವಿತ್ತು. ಟರ್ಬೋಗೆ ಮುನ್ನ ಅನಿಲದ ಬಿಸಿ ಬಹುಹೊತ್ತು 1250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 677 ಡಿಗ್ರಿ ಸೆಲ್ಸಿಯಸ್ ಮೀರಬಾರದೆಂಬುದು ಈ ವಲಯದಲ್ಲಿ ನೆಲೆನಿಂತ ಸೂತ್ರ. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಪಿಸ್ಟನ್ನುಗಳ ಮಿಶ್ರಲೋಹ ಅದಕ್ಕೂ ಮೊದಲೇ ಬಲಗುಂದುತ್ತದೆ. ಪಿಸ್ಟನ್ನಿನ ತಳಕ್ಕೆ ಚಿಮ್ಮುವ ಆಯಿಲ್ ಅದನ್ನು ತಂಪಾಗಿಡುವುದರಿಂದ ಕೆಲವು ಸೆಕೆಂಡುಗಳ ಏರಿಕೆಯಿಂದ ಹಾನಿಯಿಲ್ಲ, ಅಪಾಯವಿರುವುದು ದೀರ್ಘ ಏರುದಾರಿಯಲ್ಲಿ. ಕೊಲರಾಡೋ ರಾಜ್ಯದ ಐಸೆನ್‌ಹೋವರ್ ಸುರಂಗ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿದ್ದು, ಪಶ್ಚಿಮದ ಸಿಲ್ವರ್‌ಥಾರ್ನ್ ಕಡೆಯಿಂದ ಅಲ್ಲಿಗೆ ಹೋಗುವ ಹೆದ್ದಾರಿ ಸುಮಾರು 8 ಮೈಲಿಯಷ್ಟು ದೂರ ಕಡಿದಾಗಿ ಏರುತ್ತದೆ. ಗಾಳಿ ತೆಳುವಾಗಿರುವ ಅಂಥ ಎತ್ತರದಲ್ಲಿ ಅದೇ ಪ್ರಮಾಣದ ಇಂಧನಕ್ಕೆ ಆಮ್ಲಜನಕ ಕಡಿಮೆ ಸಿಗುವುದರಿಂದ ಅನಿಲ ಇನ್ನಷ್ಟು ಬಿಸಿಯಾಗುತ್ತದೆ. ಆಗ ಗೇರು ಇಳಿಸಬೇಕೋ, ಆಕ್ಸಿಲರೇಟರ್ ಸಡಿಲಿಸಬೇಕೋ ಎಂಬುದನ್ನು ಮುಳ್ಳು ನೋಡಿದ ಚಾಲಕ ಮಾತ್ರ ಸಕಾಲದಲ್ಲಿ ತೀರ್ಮಾನಿಸಬಲ್ಲನು. ಏರು ಮುಗಿದ ಮೇಲೂ ಗೇಜಿನ ಕೆಲಸ ಮುಗಿಯುವುದಿಲ್ಲ. ಕಾದ ಟರ್ಬೋವನ್ನು ಒಮ್ಮೆಲೇ ನಿಲ್ಲಿಸಿದರೆ ಬೇರಿಂಗಿನಲ್ಲಿ ಉಳಿದ ಆಯಿಲ್ ಸುಟ್ಟು ಕರಿಗಟ್ಟುವುದರಿಂದ, ಬಿಸಿ 300 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿಗೆ ಇಳಿಯುವ ತನಕ ಎಂಜಿನ್ನನ್ನು ಸುಮ್ಮನೆ ಓಡಲು ಬಿಡುವ ಅಭ್ಯಾಸವೂ ಇದರಿಂದ ಬೆಳೆಯಿತು.

ಪೈರೋಮೀಟರನ್ನು ಜೋಡಿಸುವ ಕೆಲಸ ಧೈರ್ಯವನ್ನು ಬೇಡುವಂಥದು. ಸಿಲಿಂಡರುಗಳ ಬಿಸಿ ಅನಿಲವನ್ನು ಒಟ್ಟುಗೂಡಿಸಿ ಟರ್ಬೋಗೆ ಸಾಗಿಸುವ ಎರಕದ ಕೊಳವೆಗೆ, ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ, ತೂತು ಕೊರೆದು ಮರೆ ಹಾಕಿ, ಉಷ್ಣಯುಗ್ಮದ ತುದಿ ಅನಿಲದ ಹರಿವಿನ ನಡುವೆ ಬರುವಂತೆ ಬಿಗಿಯಬೇಕು. ಕೊರೆಯುವಾಗ ಉದುರುವ ಎರಕದ ಚೂರುಗಳು ಒಳಗೇ ಉಳಿದರೆ, ಎಂಜಿನ್ ಚಾಲೂ ಆದೊಡನೆ ಅತಿವೇಗದಲ್ಲಿ ತಿರುಗುವ ಟರ್ಬೋ ಚಕ್ರಕ್ಕೆ ಬಡಿಯುತ್ತವೆ. ಅದಕ್ಕಾಗಿ ಡ್ರಿಲ್ಲಿನ ಮೊನೆಗೆ ಗ್ರೀಸ್ ಮೆತ್ತಿ ಚೂರುಗಳನ್ನು ಅಂಟಿಸಿಕೊಳ್ಳುವುದು, ಆಗಾಗ ನಿಲ್ಲಿಸಿ ಒರೆಸುವುದು, ಕೊನೆಗೆ ಅಯಸ್ಕಾಂತ ಇಳಿಸಿ ಉಳಿದದ್ದನ್ನು ಎತ್ತುವುದು ಕ್ರಮವಾಯಿತು. ಈ ಭಯಕ್ಕೂ, ಉಷ್ಣಯುಗ್ಮದ ತುದಿಯೇ ಮುರಿದು ಚಕ್ರಕ್ಕೆ ಸಿಕ್ಕೀತೆಂಬ ಭಯಕ್ಕೂ ಕೆಲವರು ಅದನ್ನು ಟರ್ಬೋ ದಾಟಿದ ಕೊಳವೆಯಲ್ಲಿ ಕೂರಿಸಿದರು. ಆದರೆ ಟರ್ಬೋ ಚಕ್ರ ತನ್ನ ಪಾಲಿನ ಶಕ್ತಿಯನ್ನು ಹೀರಿಕೊಂಡ ಮೇಲೆ ಅನಿಲ ತಂಪಾಗಿರುತ್ತದೆ. ಹೊರೆ ಹೊತ್ತಾಗ ಈ ವ್ಯತ್ಯಾಸ 200ರಿಂದ 300 ಡಿಗ್ರಿ ಫ್ಯಾರನ್‌ಹೀಟಿನಷ್ಟಾಗುತ್ತದೆ, ಅದೂ ಒಂದೇ ಸಮನಾಗಿರುವುದಿಲ್ಲ. ಪಿಸ್ಟನ್ನಿನ ಕ್ಷೇಮ ತಿಳಿಯಬೇಕಾದವನಿಗೆ ಟರ್ಬೋಗೆ ಮುಂಚಿನ ಜಾಗವೇ ಸರಿಯೆಂಬ ಅಭಿಪ್ರಾಯ ಬಲವಾದದ್ದು ಹೀಗೆ.

ತಂತಿಯ ವಿಷಯದಲ್ಲೂ ಎಚ್ಚರ ಬೇಕಿತ್ತು. ಕ್ರೋಮೆಲ್ ಮತ್ತು ಅಲುಮೆಲ್ ಎಂಬ ಮಿಶ್ರಲೋಹಗಳ ಉಷ್ಣಯುಗ್ಮ 700 ಡಿಗ್ರಿ ಸೆಲ್ಸಿಯಸ್ಸಿನಲ್ಲೂ ಕೊಡುವುದು ಸುಮಾರು 29 ಮಿಲಿವೋಲ್ಟನ್ನು ಮಾತ್ರ. ಹಳೆಯ ಪೈರೋಮೀಟರುಗಳಲ್ಲಿ ಈ ಕ್ಷೀಣ ವಿದ್ಯುತ್ತೇ ನೇರವಾಗಿ ಮುಳ್ಳನ್ನು ತಿರುಗಿಸುತ್ತಿದ್ದುದರಿಂದ, ತಂತಿಯ ಉದ್ದವನ್ನೂ ಲೆಕ್ಕಕ್ಕೆ ಹಿಡಿದು ಗೇಜನ್ನು ಹೊಂದಿಸಲಾಗುತ್ತಿತ್ತು. ತಂತಿ ಉದ್ದವಾಯಿತೆಂದು ಕತ್ತರಿಸಿದರೆ ಗೇಜು ತಪ್ಪು ಹೇಳುತ್ತಿತ್ತು, ಹಾಗಾಗಿ ಮಿಕ್ಕ ತಂತಿಯನ್ನು ಸುರುಳಿ ಸುತ್ತಿ ಡ್ಯಾಶ್‌ಬೋರ್ಡಿನ ಹಿಂದೆ ಕಟ್ಟಿಡುತ್ತಿದ್ದರು.

ಎರಡನೆಯ ಗೇಜು ಬೂಸ್ಟಿನದು, ಅಂದರೆ ಟರ್ಬೋ ತುಂಬುವ ಗಾಳಿಯ ಒತ್ತಡದ್ದು. ಹೊರೆ ಅದೇ ಇದ್ದು ಬೂಸ್ಟ್ ತಗ್ಗಿ ಅನಿಲದ ಬಿಸಿ ಏರಿದರೆ, ಎಲ್ಲೋ ರಬ್ಬರ್ ಹೋಸು ಸೀಳಿದೆ ಅಥವಾ ಗಾಳಿಯ ಫಿಲ್ಟರ್ ಕಟ್ಟಿದೆ ಎಂದು ಅರ್ಥ. ಎರಡು ಮುಳ್ಳುಗಳನ್ನು ಕೂಡಿಸಿ ಓದಿದಾಗ ಒಂದರಿಂದ ತಿಳಿಯದ ದೋಷ ತಿಳಿಯುತ್ತಿತ್ತು. ಮೂರನೆಯದು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಬಿಸಿಯ ಗೇಜು. ಆ ಕಾಲದ ಗೇರ್‌ಬಾಕ್ಸುಗಳು ಡೀಸೆಲ್ಲಿನ ಎಳೆತಕ್ಕೆ ಸೋಲುತ್ತಿದ್ದವು, 175 ಡಿಗ್ರಿ ಫ್ಯಾರನ್‌ಹೀಟಿನಿಂದಾಚೆಗೆ ಪ್ರತಿ 20 ಡಿಗ್ರಿ ಏರಿಕೆಗೆ ಆಯಿಲ್ಲಿನ ಆಯುಷ್ಯ ಅರ್ಧವಾಗುತ್ತದೆ ಎಂಬ ಸ್ಥೂಲ ಲೆಕ್ಕ ಮೆಕ್ಯಾನಿಕ್ಕುಗಳ ಬಾಯಲ್ಲಿ ರೂಢಿಯಲ್ಲಿತ್ತು.

ನಾಲ್ಕನೆಯ ಗೇಜು ಬಂದ ಸಂದರ್ಭ, ದೌರ್ಬಲ್ಯವೇ ಗೇಜನ್ನು ಕರೆತರುತ್ತದೆ ಎಂಬುದಕ್ಕೆ ಸ್ಪಷ್ಟ ನಿದರ್ಶನ. 1994ರಿಂದ 1998ರ ತನಕ ರ‍್ಯಾಮ್ ಪಿಕಪ್ಪಿನ ಕಮಿನ್ಸ್ ಎಂಜಿನ್ನಿಗೆ ಇಂಧನ ಉಣಿಸುತ್ತಿದ್ದದ್ದು ಬಾಷ್ ಕಂಪನಿಯ ಪಿ7100 ಎಂಬ ಸಾಲುಪಂಪು. ಪ್ರತಿ ಸಿಲಿಂಡರಿಗೂ ಒಂದೊಂದರಂತೆ ಪ್ಲಂಜರುಗಳನ್ನು ಸಾಲಾಗಿ ಜೋಡಿಸಿದ ಈ ಬಗೆಯ ಬಾಷ್ ಪಂಪುಗಳು ಕನ್ನಡಿಗರಿಗೆ ಅಪರಿಚಿತವಲ್ಲ, ಬೆಂಗಳೂರಿನ ಆಡುಗೋಡಿಯ ಮೈಕೊ ಕಾರ್ಖಾನೆ ಭಾರತದ ಲಾರಿ ಟ್ರ್ಯಾಕ್ಟರುಗಳಿಗಾಗಿ ತಯಾರಿಸುತ್ತಿದ್ದದ್ದೂ ಇದೇ ಕುಲದ ಪಂಪುಗಳನ್ನು. ಆದರೆ 1998ರ ನಡುವೆ ಹೊಗೆಯ ನಿಯಮಗಳು ಬಿಗಿಯಾದಾಗ ವಿಪಿ44 ಎಂಬ ವಿದ್ಯುನ್ಮಾನ ಪಂಪು ಅದರ ಜಾಗಕ್ಕೆ ಬಂದಿತು. ತನ್ನ ಮೂಲಕ ಹಾಯುವ ಡೀಸೆಲ್ಲಿನಿಂದಲೇ ತಂಪನ್ನೂ ಜಿಡ್ಡನ್ನೂ ಪಡೆಯುವ ಈ ಪಂಪಿಗೆ, ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಲಿಫ್ಟ್ ಪಂಪು ಸೋತರೆ ತುಟ್ಟಿಯ ಸಾವು ಖಚಿತ. ಲಿಫ್ಟ್ ಪಂಪು ಸದ್ದಿಲ್ಲದೆ ಸೋಲುತ್ತಿತ್ತು, ಕಾರ್ಖಾನೆಯ ಡ್ಯಾಶ್‌ಬೋರ್ಡಿನಲ್ಲಿ ಅದನ್ನು ಹೇಳುವ ಮೀಟರಾಗಲಿ ದೀಪವಾಗಲಿ ಇರಲಿಲ್ಲ. ಆದ್ದರಿಂದ ಇಂಧನ ಒತ್ತಡದ ಗೇಜು ಆ ವರ್ಷಗಳ ರ‍್ಯಾಮ್ ಮಾಲೀಕರಿಗೆ ಅನಿವಾರ್ಯವಾಯಿತು. ಡೀಸೆಲ್ ತುಂಬಿದ ಕೊಳವೆಯನ್ನು ಕ್ಯಾಬಿನ್ನಿನೊಳಕ್ಕೆ ತಂದರೆ ಸೋರಿ ಬೆಂಕಿಗೆ ದಾರಿಯಾಗಬಹುದೆಂದು, ನಡುವೆ ಒಂದು ಪೊರೆಯನ್ನಿಟ್ಟು ಅದರ ಒಂದು ಬದಿಗೆ ಡೀಸೆಲ್ಲನ್ನೂ ಗೇಜಿನ ಬದಿಗೆ ರೇಡಿಯೇಟರಿನ ಕೂಲೆಂಟಿನಂಥ ದ್ರವವನ್ನೂ ತುಂಬುವ ಸಾಧನವನ್ನು ಬಳಸಿದರು. ವಿದ್ಯುತ್ ಸೆನ್ಸರನ್ನು ಆರಿಸಿಕೊಂಡವರು ಪಂಪಿನ ಬಡಿತಕ್ಕೆ ಅದು ಕೆಡದಂತೆ ಸಣ್ಣ ರಂಧ್ರದ ತಡೆಯನ್ನು ನಡುವೆ ಹಾಕಿ, ಸೆನ್ಸರನ್ನು ಎಂಜಿನ್ನಿನಿಂದ ದೂರಕ್ಕೆ ಹೋಸಿನ ಮೂಲಕ ಕೊಂಡೊಯ್ದರು.

ಗೇಜುಗಳಿಗೆ ಕಂಬವೇ ನೆಲೆಯಾದದ್ದೂ ವಿಚಾರಪೂರ್ವಕವಾಗಿಯೇ. ರಸ್ತೆಯಿಂದ ದೃಷ್ಟಿಯನ್ನು ಹೆಚ್ಚು ಕದಲಿಸದೆ ನೋಡಬಹುದಾದ, ಕಾರ್ಖಾನೆಯ ಮೀಟರುಗಳನ್ನು ಮರೆಮಾಡದ ಜಾಗ ಅದು. 2 1/16 ಇಂಚಿನ, ಅಂದರೆ ಸುಮಾರು 52 ಮಿಲಿಮೀಟರ್ ವ್ಯಾಸದ ಗೇಜುಗಳಿಗೆ ಅಳತೆಮಾಡಿ ಅಚ್ಚುಹಾಕಿದ ಪ್ಲಾಸ್ಟಿಕ್ ಕವಚಗಳು ಒಂದೊಂದು ಮಾದರಿಯ ಪಿಕಪ್ಪಿಗೂ ಪ್ರತ್ಯೇಕವಾಗಿ ಬಂದವು. ಆಯ್ಕೆಯಲ್ಲಿ ಅಳತೆಯ ವ್ಯಾಪ್ತಿ ಮುಖ್ಯವಾಗಿತ್ತು: 20 ಪಿಎಸ್‌ಐ ಆಸುಪಾಸಿನ ಬೂಸ್ಟಿಗೆ 60ರ ತನಕ ಅಂಕೆಯಿರುವ ಗೇಜು ಹಾಕಿದರೆ ಮುಳ್ಳಿನ ಚಲನೆ ಕಿರಿದಾಗಿ ಓದು ಮಬ್ಬಾಗುತ್ತದೆ. ಓಟದ ಕಾರುಗಳ ಅಭ್ಯಾಸವನ್ನು ಅನುಸರಿಸಿ, ಎಲ್ಲ ಸರಿಯಿದ್ದಾಗ ಮುಳ್ಳುಗಳೆಲ್ಲ ಒಂದೇ ದಿಕ್ಕಿಗೆ ನಿಲ್ಲುವಂತೆ ಗೇಜಿನ ಮೈಯನ್ನೇ ತಿರುಗಿಸಿ ಕೂರಿಸುವವರೂ ಇದ್ದರು; ಆಗ ಅಂಕೆ ಓದುವ ಅಗತ್ಯವೇ ಇಲ್ಲದೆ, ಸಾಲಿನಿಂದ ಹೊರಬಿದ್ದ ಮುಳ್ಳು ಕಣ್ಣಿಗೆ ಬೀಳುತ್ತದೆ.

2003ರ ಮಾದರಿಯಿಂದ ಫೋರ್ಡಿಗೆ ಬಂದ 6.0 ಲೀಟರಿನ ಎಂಜಿನ್ ಈ ರೂಢಿಯನ್ನು ಹೊಸ ಹಂತಕ್ಕೆ ತಂದಿತು. ಅದರ ಆಯಿಲ್ ಕೂಲರಿನ ಸಣ್ಣ ದಾರಿಗಳು ಕಟ್ಟಿಕೊಂಡಾಗ ಕೂಲೆಂಟಿನ ಬಿಸಿ ಸಹಜವಾಗಿಯೇ ಇದ್ದು, ಆಯಿಲ್ಲಿನ ಬಿಸಿ ಮಾತ್ರ ಅದನ್ನು ಮೀರಿ ಏರುತ್ತಿತ್ತು. ಇವೆರಡರ ಅಂತರ 15 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಕೂಲರ್ ಬದಲಿಸಬೇಕೆಂಬ ಸೂತ್ರ ಹುಟ್ಟಿತು. ಇಲ್ಲಿ ಬೇಕಾದದ್ದು ಎರಡು ಅಂಕೆಗಳನ್ನು ಅಕ್ಕಪಕ್ಕದಲ್ಲಿಟ್ಟು ಅಂತರವನ್ನು ನೋಡುವುದು, ಆ ಎರಡು ಅಂಕೆಗಳೂ ಎಂಜಿನ್ನಿನ ಕಂಪ್ಯೂಟರಿನಲ್ಲಿ ಆಗಲೇ ಇದ್ದವು. ದೋಷ ಪತ್ತೆಗೆಂದು ಸ್ಟಿಯರಿಂಗಿನ ಕೆಳಗಿರಿಸಿದ ಓಬಿಡಿ-2 ಕನೆಕ್ಟರಿಗೆ ಪುಟ್ಟ ಪರದೆಯೊಂದನ್ನು ಜೋಡಿಸಿ ಅವನ್ನು ಹೊರತೆಗೆಯುವ ಉಪಕರಣಗಳು ಬಂದವು. 2007ರ ಹೊಗೆ ನಿಯಮಗಳ ನಂತರ ಮಸಿ ಹಿಡಿಯುವ ಫಿಲ್ಟರನ್ನು ಕಾಯಿಸಿ ಸುಡುವ ಅಗತ್ಯ ಬಿದ್ದಾಗ, ತಯಾರಕರೇ ಅನಿಲದ ಕೊಳವೆಯಲ್ಲಿ ಬಿಸಿಯ ಸೆನ್ಸರುಗಳನ್ನು ಕೂರಿಸಿದರು. ಹಿಂದಿನ ತಲೆಮಾರಿನ ಮಾಲೀಕರು ಡ್ರಿಲ್ ಹಿಡಿದು ಪಡೆದ ಅರಿವು ಈಗ ಕಾರ್ಖಾನೆಯ ಯಂತ್ರದ ಭಾಗವೇ ಆಯಿತು, ಆದರೂ ಅದು ಮೊದಲು ತಲುಪಿದ್ದು ಕಂಪ್ಯೂಟರನ್ನು. ಚಾಲಕ ಅದನ್ನು ಕೇಳಿ ಪಡೆಯಬೇಕಾಯಿತು.

ಎಂಜಿನ್ನಿನ ಶಕ್ತಿಯನ್ನು ಕಾನೂನುಬಾಹಿರವಾಗಿ ಹೆಚ್ಚಿಸುವ, ಹೊಗೆ ನಿಯಂತ್ರಣವನ್ನು ಕಿತ್ತುಹಾಕುವ ಚಟುವಟಿಕೆಗಳ ಜೊತೆಗೂ ಈ ಗೇಜುಗಳು ಕಾಣಿಸಿಕೊಂಡದ್ದುಂಟು. ಆದರೆ ಆ ದುರ್ಬಳಕೆಯಿಂದ ರೂಢಿಯ ಮೂಲ ಸತ್ವವನ್ನು ಅಳೆಯುವುದು ನ್ಯಾಯವಲ್ಲ. ಹೊರೆ ಎಳೆದು ಬದುಕುವವರು ತಮ್ಮ ಯಂತ್ರದ ಮಿತಿಯನ್ನು ಅರಿತು, ಆ ಮಿತಿಯೊಳಗೆ ಅದನ್ನು ಬಹುಕಾಲ ದುಡಿಸಬೇಕೆಂಬ ಹೊಣೆಗಾರಿಕೆಯಿಂದ ಹುಟ್ಟಿದ್ದು ಇದು. ಎಚ್ಚರಿಕೆಯ ದೀಪ ಚಾಲಕನಿಂದ ಬಯಸುವುದು ವಿಧೇಯತೆಯನ್ನು, ಅಳತೆಯ ಮುಳ್ಳು ಬಯಸುವುದು ವಿವೇಚನೆಯನ್ನು. ಉಪಕರಣದ ರೂಪ ಮುಳ್ಳಿನಿಂದ ಪರದೆಗೆ ಬದಲಾದರೂ ಅನಿಲದ ಬಿಸಿ, ಬೂಸ್ಟ್, ಗೇರ್‌ಬಾಕ್ಸಿನ ಬಿಸಿ ಇವೇ ಇಂದಿಗೂ ಡೀಸೆಲ್ ಪಿಕಪ್ಪಿನ ಚಾಲಕ ಮೊದಲು ಕೇಳುವ ಅಂಕೆಗಳಾಗಿ ಉಳಿದಿರುವುದು, ಆ ವಿವೇಚನೆಯನ್ನು ಬಿಟ್ಟುಕೊಡಲು ಆತ ಒಪ್ಪಿಲ್ಲ ಎಂಬುದಕ್ಕೆ ಸಾಕಷ್ಟು ಆಧಾರವಾಗಿದೆ.